ಕೋಲೂ ಕೈಯೂ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಪ್ರತಿ ವರ್ಷವೂ ಕೇಳುತ್ತಾರೆ. ಪ್ರತಿ ವರ್ಷವೂ ನಾವು ಕುಮಾರವ್ಯಾಸನನ್ನೋ ಬೇಂದ್ರೆಯವರನ್ನೋ ಆಶ್ರಯಿಸಿ, ನಾಲ್ಕು ಪುಟಗಳನ್ನು ತುಂಬಿಸಿ, ಋಣಮುಕ್ತರಾಗುತ್ತೇವೆ. ಈ ಸಲ ಆ ಮಹನೀಯರಿಗೆ ವಿಶ್ರಾಂತಿಯನ್ನಿತ್ತು ಗಾಲ್ಫ್ ಎಂಬ ಆಟದ ಕುರಿತು, ಅದರಲ್ಲಿಯೂ ಕೋಲು ಚೆಂಡನ್ನು ತಾಗುವ ಆ ಒಂದು ಕ್ಷಣದಲ್ಲಿ ಆಟಗಾರನ ಕೈಗಳು ಏನು ಮಾಡುತ್ತವೆ ಎಂಬುದರ ಕುರಿತು ಬರೆಯಹೊರಟಿದ್ದೇವೆ. ವಾಚಕರು ಹುಬ್ಬೇರಿಸುವುದು ನಮಗೆ ಇಲ್ಲಿಂದಲೇ ಕಾಣುತ್ತಿದೆ. ನವಲಗುಂದದ ಕಡೆಯ ಎರೆಮಣ್ಣಿನ ಹಳ್ಳಿಯಲ್ಲಿ ಚಿಣಿಫಣಿ ಆಡಿ ಬೆಳೆದು, ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ, ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ಕನ್ನಡ ಕಲಿಸುತ್ತಿರುವವನಿಗೆ ಶ್ರೀಮಂತರ ಈ ಆಟದ ಗೊಡವೆ ಏತಕ್ಕೆ? ಏತಕ್ಕೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಇನ್ನೊಂದು ಮಾತನ್ನು ಮೊದಲೇ ನಿವೇದಿಸಿಬಿಡುತ್ತೇವೆ. 'ನಾವು' ಎಂದರೆ ಇಲ್ಲಿ ನಾವೊಬ್ಬರೇ. ಶಾಲೆಯ ಪರವಾಗಿಯಾಗಲಿ ಶಿಕ್ಷಕ ವೃಂದದ ಪರವಾಗಿಯಾಗಲಿ ಬರೆಯುತ್ತಿರುವುದಲ್ಲ. 'ನಾನು' ಎಂದು ಬರೆಯಲು ಈ ಒಂದು ವಿಷಯದಲ್ಲಿ ಲೇಖನಿ ಹಿಂಜರಿಯುತ್ತದೆ. ಬಹುವಚನದ ಮರೆಯಲ್ಲಿ ಸ್ವಲ್ಪ ನಾಚಿಕೆಯನ್ನು ಅಡಗಿಸಬಹುದಷ್ಟೆ. ಲೇಖನದಲ್ಲಿ ಬರುವ ಹುಡುಗನೂ ಅವನ ತಂದೆಯೂ ಇದನ್ನು ಓದಿ, ಓದಿಸಿಕೊಂಡು, ಹೆಸರು ಹಾಕದಿದ್ದರೆ ಅಡ್ಡಿಯಿಲ್ಲವೆಂದು ಒಪ್ಪಿಗೆ ಕೊಟ್ಟಿದ್ದಾರೆ.

ಕಳೆದ ವರ್ಷದ ಮಾತು. ನಮ್ಮ ಒಂಬತ್ತನೆಯ ಇಯತ್ತೆಯಲ್ಲಿ ಆಗ ಎಂಟೇ ಮಂದಿ ವಿದ್ಯಾರ್ಥಿಗಳಿದ್ದರು. ಈ ಮಹಾನಗರದಲ್ಲಿ ಕನ್ನಡ ಮಾಧ್ಯಮದ ತರಗತಿಯೊಂದರಲ್ಲಿ ಎಂಟು ಮಂದಿ ಉಳಿದಿದ್ದಾರೆಂದರೆ ಅದೇ ಒಂದು ಸಂಪತ್ತು. ಒಬ್ಬೊಬ್ಬರನ್ನೂ ಕಣ್ಣಿನಲ್ಲಿ ಎಣ್ಣೆ ಹಾಕಿಕೊಂಡು ಕಾಯಬೇಕಾದ ಕಾಲವಿದು. ಅಂಥ ಎಂಟರಲ್ಲಿ ಒಬ್ಬನು ಘಟಕ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯನ್ನು ಮುಕ್ಕಾಲು ಪಾಲು ಖಾಲಿಯಾಗಿಯೇ ಒಪ್ಪಿಸಿದನು. ಬರೆದಿದ್ದ ನಾಲ್ಕು ಸಾಲುಗಳೂ ಕಾಗೆಯ ಕಾಲು, ಗುಬ್ಬಿಯ ಕಾಲು. ಅವನು ದಡ್ಡನಲ್ಲ. ವ್ಯಾಕರಣದಲ್ಲಿ ಸಮಾಸಗಳನ್ನು ನೀರು ಕುಡಿದಂತೆ ಬಿಡಿಸುವ ಹುಡುಗ. ಇದು ಉದ್ಧಟತನವೆಂದೇ ನಾವು ಬಗೆದೆವು. ಏಕೆ ಬರೆಯಲಿಲ್ಲವೆಂದು ಕೇಳಿದರೆ ಮಾತಿಲ್ಲ. ಮತ್ತೆ ಕೇಳಿದರೂ ಮಾತಿಲ್ಲ. ಅಂದು ಬೆಳಗ್ಗೆ ಲೋಕಲ್ ಗಾಡಿಯ ಬಾಗಿಲಿನಲ್ಲಿ ಜೋತು ಬಂದ ಆಯಾಸ, ಮನೆಯ ಬಾಡಿಗೆಯ ಚಿಂತೆ, ಮುಂದಿನ ವರ್ಷ ತರಗತಿ ಇರುವುದೋ ಇಲ್ಲವೋ ಎಂಬ ಗಾಳಿಮಾತು, ಇವೆಲ್ಲ ಸೇರಿ ನಮ್ಮ ಬಲಗೈಗೆ ಬಂದವು. ಮೇಜಿನ ಮೇಲಿದ್ದ ಮರದ ಪಟ್ಟಿಯನ್ನೆತ್ತಿಕೊಂಡು, ಕೈ ನೀಡೆಂದು ಹೇಳಿ, ಅವನ ಅಂಗೈಯ ಮೇಲೆ ಒಂದೇ ಒಂದು ಪೆಟ್ಟು ಕೊಟ್ಟೆವು.

2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ ಎಂಬುದನ್ನು ಪಾಲಕರ ಸಭೆಯಲ್ಲಿ ಓದಿ ಹೇಳಿದವರೂ ನಾವೇ. ಅದಿರಲಿ. ಪೆಟ್ಟು ಬಿದ್ದ ಕೂಡಲೆ ಹುಡುಗನ ಮುಖ ಕಂಡ ರೀತಿ ಒಂದು ಪೆಟ್ಟಿಗೆ ತಕ್ಕುದಾಗಿರಲಿಲ್ಲ. ಅವನು ಕೈಯನ್ನು ಎಳೆದುಕೊಂಡು ಕಂಕುಳಲ್ಲಿ ಅವುಚಿಕೊಂಡನು. ಮರದ ಪಟ್ಟಿಯ ಅಂಚಿಗೆ ಏನೋ ಒದ್ದೆ ತಗಲಿತ್ತು. ಅದು ಬೊಬ್ಬೆ ಒಡೆದ ನೀರೆಂದು ನಮಗೆ ತಿಳಿದದ್ದು ಹುಡುಗನು ತರಗತಿಯಿಂದ ಹೊರಟುಹೋದ ಮೇಲೆ.

ಆರು ದಿನ ಅವನು ಬರಲಿಲ್ಲ. ಏಳನೆಯ ದಿನ ಸೋಮವಾರ. ನಮ್ಮದು ಮಧ್ಯಾಹ್ನದ ಪಾಳಿಯಾದ್ದರಿಂದ ಬೆಳಗ್ಗೆ ವಿಳಾಸವನ್ನು ಹುಡುಕಿಕೊಂಡು ಹೊರಟೆವು. ಓಣಿಯೊಳಗೆ ಓಣಿ, ಅದರ ಕೊನೆಯಲ್ಲಿ ಕಬ್ಬಿಣದ ಏಣಿ, ಏಣಿಯ ಮೇಲೆ ಹತ್ತಡಿಯ ಕೋಣೆ. ಅವನ ತಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಸುರಪುರದ ಕಡೆಯವರು. 'ಮಾಸ್ತರು ಬಂದಾರ' ಎಂದು ಗಡಬಡಿಸಿ ಎದ್ದು ಸೆರಗಿನಿಂದ ಕೈ ಒರೆಸಿಕೊಂಡರು. ಮಗ ತಂದೆಯೊಡನೆ ಮೈದಾನಕ್ಕೆ ಹೋಗಿದ್ದಾನೆಂದು ಹೇಳಿದರು. ಯಾವ ಮೈದಾನ? 'ಗಲಾಪು ಆಡೂದ್ರಿ' ಎಂದರು. ಆ ಕ್ಷಣದಲ್ಲಿ ನಮಗೆ ಅರ್ಥವಾಗಲಿಲ್ಲ.

ಮುಂಬಯಿಯಲ್ಲಿ ಗಾಲ್ಫ್ ಮೈದಾನಗಳು ಬೆರಳೆಣಿಕೆಯಷ್ಟು. ನಾವು ಹೋದದ್ದು ಅವುಗಳಲ್ಲೊಂದಕ್ಕೆ; ಯಾವುದೆಂಬುದು ಬೇಡ. ಹೊರಗೆ ರಸ್ತೆಯಲ್ಲಿ ಬಸ್ಸು, ರಿಕ್ಷಾ, ಸಿಮೆಂಟಿನ ಧೂಳು. ಗೋಡೆಯ ಆಚೆಗೆ ಕಾಲಿಟ್ಟರೆ ಕಣ್ಣು ಹರಿದಷ್ಟು ಹುಲ್ಲು. ನಮ್ಮೂರಿನಲ್ಲಿ ಶ್ರಾವಣದ ಎರಡು ವಾರ ಮಾತ್ರ ಕಾಣುವ ಹಸಿರನ್ನು ಇಲ್ಲಿ ಪೈಪಿನ ನೀರು ಹಾಕಿ ವರ್ಷವಿಡೀ ಹಿಡಿದಿಟ್ಟಿದ್ದಾರೆ. ಈ ಆಟವು ನಮ್ಮ ದೇಶಕ್ಕೆ ಬಂದು ಬಹಳ ಕಾಲವಾಯಿತು. ಕಲ್ಕತ್ತೆಯ ಕ್ಲಬ್ಬು 1829ರದು, ಬೆಂಗಳೂರಿನದು 1876ರದು. ಇಷ್ಟು ಕಾಲವಾದರೂ ಗೋಡೆಯ ಹೊರಗಿನ ನಮ್ಮಂಥವರಿಗೆ ಅದು ಇಂದಿಗೂ ಪರದೇಶದ ಆಟವೇ. ಸೋಮವಾರ ಸದಸ್ಯರ ಆಟವಿರುವುದಿಲ್ಲವಂತೆ. ಅಂದು ಚೀಲ ಹೊರುವ ಕ್ಯಾಡಿಗಳು ಒಂದಿಷ್ಟು ಹೊತ್ತು ಆಡಿಕೊಳ್ಳಬಹುದಂತೆ. ಹುಡುಗನ ತಂದೆ ಇಪ್ಪತ್ತು ವರ್ಷಗಳಿಂದ ಕ್ಯಾಡಿ.

ದೂರದಿಂದಲೇ ಹುಡುಗನನ್ನು ಗುರುತಿಸಿದೆವು. ಅಂಗೈಗೆ ಬಟ್ಟೆಯ ಪಟ್ಟಿ ಸುತ್ತಿತ್ತು. ಸವೆದು ಹೋದ ಒಂದು ಕಬ್ಬಿಣದ ಕೋಲು, ಆಟಗಾರರು ಏಳನೆಯ ನಂಬರಿನದೆಂದು ಕರೆಯುವಂಥದು, ಅವನ ಕೈಯಲ್ಲಿ. ನಮ್ಮನ್ನು ಅವನು ನೋಡಿರಲಿಲ್ಲ. ನಾವು ಮರದ ಮರೆಯಲ್ಲಿ ನಿಂತೆವು. ಶಿಕ್ಷಕರು ವಿದ್ಯಾರ್ಥಿಯನ್ನು ಕದ್ದು ನೋಡುವುದು ಸಭ್ಯತೆಯಲ್ಲವೆಂಬುದು ಗೊತ್ತಿದ್ದೂ ನಿಂತೆವು.

ಅವನು ಕೋಲನ್ನು ಬಲಭುಜದ ಹಿಂದಕ್ಕೆ ಸಾವಕಾಶವಾಗಿ ಒಯ್ದನು. ಮೇಲೆ ಒಂದು ಕ್ಷಣ ತಡೆದಂತೆ ತೋರಿತು. ಅನಂತರ ಕೆಳಕ್ಕೆ. ಚೆಂಡು ಹೋದದ್ದನ್ನು ನಾವು ನೋಡಲೇ ಇಲ್ಲ. ಸಪ್ಪಳವನ್ನು ಮಾತ್ರ ಕೇಳಿದೆವು. ಒಣಗಿದ ತೊಗರಿ ಕಟ್ಟಿಗೆಯನ್ನು ಮೊಳಕಾಲಿಗೆ ಕೊಟ್ಟು ಮುರಿದಂತಹ ಶುಭ್ರವಾದ ಸಪ್ಪಳ. ಕಣ್ಣೆತ್ತುವ ಹೊತ್ತಿಗೆ ಆಕಾಶದಲ್ಲಿ ಒಂದು ಬಿಳಿಯ ಚುಕ್ಕೆ. ಇಷ್ಟು ಸಣ್ಣ ಹುಡುಗನ ಮೈಯಲ್ಲಿ ಅಷ್ಟು ಬಲವೆಲ್ಲಿತ್ತು? ಮತ್ತೊಮ್ಮೆ, ಮಗುದೊಮ್ಮೆ ನೋಡಿದೆವು. ಅವನು ಬಲವನ್ನೇ ಹಾಕುತ್ತಿರಲಿಲ್ಲ.

ಆ ಹೊತ್ತಿಗೆ ತಂದೆ ನಮ್ಮನ್ನು ಕಂಡು ಬಂದು ಕೈಮುಗಿದರು. ನಾವು ಬಂದ ಕಾರಣವನ್ನು ಕೇಳಲಿಲ್ಲ. ನಮ್ಮ ದೃಷ್ಟಿ ಮಗನ ಮೇಲೆಯೇ ಇರುವುದನ್ನು ಕಂಡು, ಅತಿಥಿಗೆ ಹೊಲ ತೋರಿಸುವ ರೈತನಂತೆ ವಿವರಿಸತೊಡಗಿದರು. 'ಕೈಲೆ ಹೊಡಿಬಾರದ್ರಿ ಸರ. ಕೋಲು ಹೊಡಿತದ. ಕೈ ಬರೇ ಕರಕೊಂಡು ಬರ್ತದ' ಎಂದರು. ನಮಗೆ ತಿಳಿಯಲಿಲ್ಲವೆಂಬುದು ಮುಖದಲ್ಲಿ ಕಂಡಿರಬೇಕು. 'ಊರಾಗ ಹಂತಿ ಹೊಡದೀರಿಲ್ರಿ?' ಎಂದು ಕೇಳಿದರು. ಹೊಡೆದಿದ್ದೆವು. ಕಣದ ನಡುವೆ ಮೇಟಿ ನೆಟ್ಟು, ಅದಕ್ಕೆ ಕಟ್ಟಿದ ಎತ್ತುಗಳ ಸಾಲನ್ನು ತೆನೆಗಳ ಮೇಲೆ ತಿರುಗಿಸುತ್ತಿದ್ದ ಆ ಬೆಳದಿಂಗಳ ರಾತ್ರಿಗಳನ್ನು ಮರೆಯುವುದುಂಟೇ? 'ಮೇಟಿ ಮಗ್ಗಲಿನ ಎತ್ತು ನಿಂತಲ್ಲೇ ತಿರಗ್ತದ. ಹೊರಗಿನ ಎತ್ತು ಓಡ್ತದ. ಒಳಗಿನ ಎತ್ತು ಓಡಾಕ ಹತ್ತಿತಂದ್ರ ಹಂತಿ ಕೆಡ್ತದ. ಕೈ ಅಂದ್ರ ಒಳಗಿನ ಎತ್ತರಿ.'

ಈ ಒಂದು ಉಪಮೆಯಿಂದ ನಮ್ಮ ಕಣ್ಣು ತೆರೆಯಿತು. ಮತ್ತೆ ಹುಡುಗನ ಕೈಗಳನ್ನೇ ನೋಡಿದೆವು. ಕೋಲು ಮೇಲಿಂದ ಇಳಿಯುವಾಗ ಅವನ ಮಣಿಕಟ್ಟುಗಳು ಇನ್ನೂ ಮಡಿಸಿಯೇ ಇದ್ದವು. ಕೈಗಳು ಬಲತೊಡೆಯ ಬಳಿಗೆ ಬಂದರೂ ಕೋಲಿನ ತಲೆ ಹಿಂದೆಯೇ ಉಳಿದಿತ್ತು, ಕರೆದರೂ ಬಾರದ ಮಗುವಿನಂತೆ. ಆಮೇಲೆ ಕೈಗಳು ವೇಗವನ್ನು ಕಳೆದುಕೊಳ್ಳುವಂತೆ ತೋರುತ್ತಿತ್ತು. ಅವು ಕಳೆದುಕೊಂಡದ್ದನ್ನೆಲ್ಲ ಕೋಲಿನ ತಲೆ ಪಡೆದುಕೊಂಡು ಚಾವಟಿಯ ತುದಿಯಂತೆ ಹಾಯ್ದು ಬರುತ್ತಿತ್ತು. ಚೆಂಡನ್ನು ತಾಗುವ ಕಾಲಕ್ಕೆ ಒಳ್ಳೆಯ ಆಟಗಾರನ ಕೋಲಿನ ತಲೆ ಅವನ ಕೈಗಳಿಗಿಂತ ಸುಮಾರು ನಾಲ್ಕೈದು ಪಟ್ಟು ವೇಗದಲ್ಲಿ ಚಲಿಸುತ್ತಿರುತ್ತದೆ ಎಂದು ಆಮೇಲೆ ಓದಿದೆವು.

ತಾಗುವ ಆ ಘಳಿಗೆಯಲ್ಲಿ ಅವನ ಎಡಗೈಯ ಹಿಂಬದಿ ಚೆಂಡು ಹೋಗಬೇಕಾದ ದಿಕ್ಕಿಗೆ ನೇರವಾಗಿ ಮುಖ ಮಾಡಿತ್ತು. ಎಡ ಮಣಿಕಟ್ಟು ಹಲಗೆಯಂತೆ ಸಪಾಟು. ಬಲಗೈಯ ಮಣಿಕಟ್ಟು ಇನ್ನೂ ಸ್ವಲ್ಪ ಹಿಂದಕ್ಕೆ ಬಾಗಿಯೇ ಇತ್ತು. ಕೈಗಳು ಚೆಂಡಿಗಿಂತ ಒಂದೆರಡು ಅಂಗುಲ ಮುಂದೆ, ಕೋಲಿನ ಹಿಡಿ ಮುಂದಕ್ಕೆ ವಾಲಿದೆ, ತಲೆ ಹಿಂದಿನಿಂದ ಬರುತ್ತಿದೆ. ಚೆಂಡು ಹೋದ ಮೇಲೆ ಎರಡೂ ತೋಳುಗಳು ನೀಳವಾಗಿ ಚಾಚಿದವು. ಆಮೇಲಷ್ಟೇ ಬಲ ಮುಂಗೈ ಎಡದರ ಮೇಲೆ ಹೊರಳಿತು. ಈ ಹೊರಳಾಟವನ್ನು ಬೇಕೆಂದು ಮಾಡುವಂತಿಲ್ಲ, ಬೇಡವೆಂದು ತಡೆಯುವಂತೆಯೂ ಇಲ್ಲ. ಕೆಳಗಿಳಿಯುವಾಗ ಆಕಾಶವನ್ನು ನೋಡುತ್ತಿದ್ದ ಕೋಲಿನ ಮೂತಿ ಚೆಂಡಿನ ಬಳಿ ನೇರವಾಗಿ, ದಾಟಿದ ಮೇಲೆ ಮತ್ತೆ ಆಕಾಶಕ್ಕೆ ತಿರುಗುತ್ತದೆ. ನೇರವಾಗಿರುವುದು ನಡುವಿನ ಆ ಒಂದು ಎಳೆಯಷ್ಟು ಹೊತ್ತು ಮಾತ್ರ. ಅಲ್ಲಿ ಮುಖ ಒಂದೇ ಒಂದು ಅಂಶ ತಿರುಗಿದ್ದರೂ 200 ಮೀಟರು ದೂರದಲ್ಲಿ ಚೆಂಡು ಮೂರೂವರೆ ಮೀಟರು ಪಕ್ಕಕ್ಕೆ ಹೋಗಿರುತ್ತದೆ.

ತಂದೆ ನಮ್ಮನ್ನು ಕರೆದೊಯ್ದು ನೆಲವನ್ನು ತೋರಿಸಿದರು. ಚೆಂಡಿದ್ದ ಸ್ಥಳದಲ್ಲಿ ಹುಲ್ಲು ಹಾಗೆಯೇ ಇತ್ತು. ಅದರ ಮುಂದೆ, ಗುರಿಯ ಕಡೆಗೆ, ಅಂಗೈಯಗಲದ ಹುಲ್ಲಿನ ಪದರವೊಂದು ಕಿತ್ತು ಹೋಗಿತ್ತು. ಕೋಲು ಮೊದಲು ಚೆಂಡನ್ನೂ ಅನಂತರ ನೆಲವನ್ನೂ ತಾಗಬೇಕು. ಕಬ್ಬಿಣದ ಕೋಲಿನ ಸರಿಯಾದ ಹೊಡೆತಕ್ಕೆ ಇದೇ ಸಾಕ್ಷಿ. 'ಡಿವಟ್' ಎನ್ನುತ್ತಾರೆ ಇದನ್ನು. ಇವರಿಗೆ ಓದು ಬರಹ ಬಾರದು, ಸಹಿಯನ್ನು ಕಷ್ಟದಿಂದ ಹಾಕುತ್ತಾರೆ. ಆದರೆ ಈ ಹುಲ್ಲಿನ ಗಾಯಗಳನ್ನು ಇವರು ಓದುವ ಬಗೆ ಬೆರಗು ಹುಟ್ಟಿಸುವಂಥದು. ಒಂದು ಡಿವಟ್ ಎಡಕ್ಕೆ ಓರೆಯಾಗಿದ್ದರೆ ಕೋಲು ಹೊರಗಿನಿಂದ ಒಳಕ್ಕೆ ಬಂದಿದೆ. ಚೆಂಡಿಗಿಂತ ಹಿಂದೆಯೇ ಶುರುವಾಗಿದ್ದರೆ ಬಲಗೈ ಅವಸರಪಟ್ಟಿದೆ. ಆಳವಾಗಿ ಅಗೆದಿದ್ದರೆ ಸಾಹೇಬರಿಗೆ ಇಂದು ಆಫೀಸಿನಲ್ಲಿ ಯಾರ ಮೇಲೋ ಸಿಟ್ಟು ಬಂದಿದೆ. 'ನೀವು ಅಕ್ಷರ ನೋಡಿ ಯಾವ ಹುಡುಗ ಬರದಾನ ಅಂತ ಹೇಳ್ತೀರಲ್ರಿ, ಹಂಗ' ಎಂದರು.

ನಮಗೆ ಕಾಗೆಯ ಕಾಲಿನ ಆ ನಾಲ್ಕು ಸಾಲುಗಳು ನೆನಪಾದವು. ನಾವು ಓದಿದ್ದೇನು!

ಇನ್ನು ತಡೆಯುವುದು ಉಚಿತವಲ್ಲವೆಂದು, 'ಯಜಮಾನರೇ, ನಿಮ್ಮ ಮಗನ ಕೈಗೆ ಹೊಡೆದವರು ನಾವು' ಎಂದೆವು. ಅವರು ಸ್ವಲ್ಪ ಹೊತ್ತು ಹುಲ್ಲನ್ನೇ ನೋಡುತ್ತಿದ್ದರು. 'ಗೊತ್ತದ್ರಿ' ಎಂದರು. ಮತ್ತೆ ಸುಮ್ಮನಾದರು. ಬೈದಿದ್ದರೆ ಹಗುರವಾಗುತ್ತಿತ್ತು. 'ಬೊಬ್ಬಿ ಎದ್ದದ್ದು ನನ್ನಿಂದರಿ. ದಿನಾ ಮುನ್ನೂರು ಹೊಡಿ ಅಂದಿದ್ದೆ. ಪರೀಕ್ಷಿ ಐತಂತ ನಂಗ ಹೇಳಲಿಲ್ಲ ಅಂವ. ಕೈ ಹಿಂಗಾಗೇದ ಅಂತ ನಿಮಗೂ ಹೇಳಲಿಲ್ಲ.' ತಪ್ಪನ್ನು ಹಂಚಿಕೊಳ್ಳಲು ಬಂದವರಂತೆ ಅವರು ಮಾತನಾಡಿದರು. ಆದರೆ ಅವರ ಪಾಲಿಗೂ ನಮ್ಮ ಪಾಲಿಗೂ ಇದ್ದ ಅಂತರ ಇಬ್ಬರಿಗೂ ತಿಳಿದಿತ್ತು.

ಆಮೇಲೆ, ಏಕೆಂದು ಇಂದಿಗೂ ಹೇಳಲಾರೆವು, ಅವರು ಮಗನನ್ನು ಕರೆದು ಕೋಲನ್ನು ಇಸಿದುಕೊಂಡು ನಮ್ಮ ಕೈಗಿತ್ತರು. 'ಒಂದು ಹೊಡೀರಿ ಸರ.' ಹುಡುಗನು ನಮ್ಮನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ನಿಂತನು. ಎಡಗೈ ಮೇಲೆ, ಬಲಗೈ ಕೆಳಗೆ, ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳಿನ ಮೇಲೆ: ಹೀಗೆ ತಂದೆ ನಮ್ಮ ಬೆರಳುಗಳನ್ನು ಒಂದೊಂದಾಗಿ ಹೊಂದಿಸಿದರು. ಒಂದನೆಯ ಇಯತ್ತೆಯ ಮಕ್ಕಳ ಕೈಹಿಡಿದು ನಾವು 'ಅ' ತಿದ್ದಿಸುವುದು ಹೀಗೆಯೇ. 'ಹಕ್ಕಿ ಮರಿ ಹಿಡದಂಗ ಹಿಡೀರಿ' ಎಂದರು. ನಾವು ಹಿಡಿದದ್ದು ಬಾವಿಯ ಹಗ್ಗವನ್ನು ಹಿಡಿದಂತೆ. ಬೀಸಿದೆವು. ಚೆಂಡು ಗಾಳಿಯಲ್ಲಿ ಏಳಲೆಂದು ಕೊನೆಯ ಘಳಿಗೆಯಲ್ಲಿ ಬಲಗೈಯಿಂದ ಅದನ್ನು ಎತ್ತಿಹಾಕಲು ಹೋದೆವು. ಚಿಣಿಫಣಿಯಲ್ಲಿ ಚಿಣಿಯನ್ನು ಎತ್ತುವುದು ಹಾಗೆಯೇ ಅಲ್ಲವೇ? ಕೋಲು ಚೆಂಡಿಗೆ ಒಂದು ಗೇಣು ಹಿಂದೆ ನೆಲಕ್ಕೆ ಬಡಿಯಿತು. ಆ ಪೆಟ್ಟು ಉಕ್ಕಿನ ದಂಡದ ಗುಂಟ ಏರಿ ಬಂದು ಎರಡೂ ಅಂಗೈಗಳಲ್ಲಿ ಸಿಡಿಯಿತು. ಕಣ್ಣಿನಲ್ಲಿ ನೀರು ಬಂತೆಂದರೆ ಉತ್ಪ್ರೇಕ್ಷೆಯಲ್ಲ. ಚೆಂಡು ಎಲ್ಲಿತ್ತೋ ಅಲ್ಲಿಯೇ ಇತ್ತು.

ಮೌನವನ್ನು ಮುರಿದವನು ಹುಡುಗ. ಏಳು ದಿನಗಳ ಮೇಲೆ ಅವನು ನಮ್ಮೊಡನೆ ಆಡಿದ ಮೊದಲ ಮಾತದು. 'ಎತ್ತಬಾರದು ಸರ್. ಕೋಲಿನ ಮುಖದಲ್ಲೇ ಓರೆ ಇರುತ್ತದೆ. ಅದೇ ಎತ್ತುತ್ತದೆ. ನಾವು ಕೆಳಗೆ ಹೊಡೆದರೆ ಅದು ಮೇಲೆ ಹೋಗುತ್ತದೆ.' ಶಾಲೆಯ ಕನ್ನಡದಲ್ಲಿ, ಪೂರ್ಣ ವಾಕ್ಯಗಳಲ್ಲಿ ಹೇಳಿದನು. ಅನಂತರ ಇನ್ನೊಂದು ಮಾತನ್ನು ಸೇರಿಸಿದನು: 'ಸರಿಯಾಗಿ ತಾಗಿದರೆ ಕೈಗೆ ಏನೂ ಗೊತ್ತಾಗುವುದಿಲ್ಲ ಸರ್. ಗೊತ್ತಾಗುವ ಹೊತ್ತಿಗೆ ಚೆಂಡು ಹೋಗಿರುತ್ತದೆ.'

ಇದು ಹುಡುಗತನದ ಅಲಂಕಾರವೆಂದು ಆಗ ಭಾವಿಸಿದೆವು. ಆಮೇಲೆ ಒಂದು ರವಿವಾರ, ಫೋರ್ಟಿನ ರಸ್ತೆಬದಿಯ ಹಳೆಯ ಪುಸ್ತಕಗಳ ರಾಶಿಯಲ್ಲಿ, ಬೆನ್ ಹೋಗನ್ ಎಂಬ ಅಮೆರಿಕದ ಆಟಗಾರ 1957ರಲ್ಲಿ ಪ್ರಕಟಿಸಿದ ಪಾಠಗಳ ಪುಸ್ತಕ ಸಿಕ್ಕಿತು. 1949ರಲ್ಲಿ ಮೋಟಾರು ಅಪಘಾತದಲ್ಲಿ ಮೈಮೂಳೆಗಳೆಲ್ಲ ಜಜ್ಜಿಹೋಗಿ, ಮರುವರ್ಷವೇ ತನ್ನ ದೇಶದ ಓಪನ್ ಪಂದ್ಯವನ್ನು ಗೆದ್ದ ಮನುಷ್ಯ ಈತ. ನಮ್ಮ ಇಂಗ್ಲಿಷಿನ ಬಡತನ ಪ್ರಸಿದ್ಧವಾದುದು; ಶಬ್ದಕೋಶವನ್ನು ಮಗ್ಗುಲಲ್ಲಿಟ್ಟುಕೊಂಡು, ಪುಣ್ಯಕ್ಕೆ ಪುಸ್ತಕದ ತುಂಬ ಚಿತ್ರಗಳಿದ್ದುದರಿಂದ, ತಿಂಗಳುಗಟ್ಟಲೆ ಓದಿದೆವು. ತಾಡನದ ಸಮಯದಲ್ಲಿ ಎಡ ಮಣಿಕಟ್ಟು ಅಂಗೈಯನ್ನು ಮೇಲ್ಮುಖ ಮಾಡುವ ಕಡೆಗೆ ಹೊರಳತೊಡಗಿರಬೇಕು, ಮಣಿಕಟ್ಟಿನ ಎಲುಬು ಗುರಿಯ ಕಡೆಗೆ ಉಬ್ಬಿರಬೇಕು ಎಂದು ಆತ ಹೇಳುತ್ತಾನೆ. ಇದಕ್ಕೆ ಅವರ ಶಬ್ದ ಸೂಪಿನೇಶನ್. ನಮ್ಮ ಪಂಡಿತ ಕಿವಿಗೆ ಒಡನೆ 'ಉತ್ತಾನ' ಎಂಬ ಸಂಸ್ಕೃತ ಶಬ್ದ ಹೊಳೆದು ಒಂದು ದಿನವಿಡೀ ಸಂತೋಷವಾಗಿದ್ದೆವು. ಸುರಪುರದ ಕ್ಯಾಡಿ ಹಂತಿಯ ಎತ್ತಿನಿಂದ ಹೇಳಿದ್ದನ್ನೇ ಟೆಕ್ಸಸಿನ ಆಟಗಾರ ಎಲುಬಿನಿಂದ ಹೇಳಿದ್ದಾನೆ.

ಹುಡುಗನ ಮಾತಿಗೆ ಆಧಾರ ಸಿಕ್ಕಿದ್ದು ಬೇರೆಡೆಯಲ್ಲಿ. ಇಂಗ್ಲೆಂಡಿನಲ್ಲಿ ವಿಜ್ಞಾನಿಗಳ ತಂಡವೊಂದು ಈ ಹೊಡೆತವನ್ನು ಅಳೆದು ನೋಡಿತು. ಕಾಕ್ರನ್ ಮತ್ತು ಸ್ಟಾಬ್ಸ್ ಎಂಬವರು 1968ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಕೋಲೂ ಚೆಂಡೂ ಕೂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ. ನಾವು ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಇಂಥ ಇನ್ನೂರು ತಾಡನಗಳು ನಡೆದುಹೋಗಬಹುದು. ಅಷ್ಟರಲ್ಲಿ ಅವೆರಡೂ ಜೊತೆಯಾಗಿ ಚಲಿಸುವುದು ಸುಮಾರು ಎರಡು ಸೆಂಟಿಮೀಟರು. 46 ಗ್ರಾಮಿಗೆ ಕಿಂಚಿತ್ತು ಕಡಿಮೆ ತೂಗುವ ಆ ಚೆಂಡು ಅಷ್ಟರೊಳಗೆ ಚಪ್ಪಟೆಯಾಗಿ, ಮತ್ತೆ ಉಬ್ಬಿ, ಹಾರಿಹೋಗುತ್ತದೆ. ಪೆಟ್ಟಿನ ಅದುರು ದಂಡದ ಗುಂಟ ಕೈಗೆ ಬಂದು ಮುಟ್ಟುವ ಮೊದಲೇ ಚೆಂಡು ಕೋಲನ್ನು ಬಿಟ್ಟಿರುತ್ತದೆ. ಕೈಯಿಂದ ಮೆದುಳಿಗೆ ಸುದ್ದಿ ತಲುಪುವುದಂತೂ ಇನ್ನೂ ಎಷ್ಟೋ ತಡ. ಕೋಲಿನ ತಲೆಯ ಸ್ವಲ್ಪ ಮೇಲೆ ದಂಡಕ್ಕೆ ಕೀಲು ಹಾಕಿ, ತಲೆ ಜೋಲಾಡುವಂತೆ ಮಾಡಿ ಹೊಡೆದು ನೋಡಿದರಂತೆ. ಚೆಂಡು ಹೆಚ್ಚುಕಡಿಮೆ ಮೊದಲಿನಷ್ಟೇ ದೂರ ಹೋಯಿತಂತೆ. ಎಂದರೆ, ತಾಗುವ ಕ್ಷಣದಲ್ಲಿ ಕೈಗೆ ಯಾವ ಅಧಿಕಾರವೂ ಇಲ್ಲ. ಮಾಡುವುದನ್ನೆಲ್ಲ ಅದಕ್ಕೆ ಮೊದಲೇ ಮಾಡಿ ಮುಗಿಸಿರಬೇಕು. ತಾಗಿದ ಮೇಲೆ ತಿದ್ದುತ್ತೇನೆಂದರೆ ತಿದ್ದಲು ಏನೂ ಉಳಿದಿರುವುದಿಲ್ಲ.

ಈ ಪುಟವನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮರದ ಪಟ್ಟಿಯನ್ನು ಎತ್ತಿದ ಆ ಮಧ್ಯಾಹ್ನವನ್ನು ಹಿಂದುಮುಂದಾಗಿ ಎಷ್ಟೋ ಸಲ ತಿರುವಿ ನೋಡಿದೆವು. ಪಟ್ಟಿ ಇಳಿಯುವ ಮೊದಲು, ಅಂಗೈ ಚಾಚಿದ ಆ ಹೊತ್ತಿನಲ್ಲಿ, ನೋಡುವುದಕ್ಕೆ ಸಮಯವಿತ್ತು. ಬೇಕಾದಷ್ಟು ಸಮಯವಿತ್ತು.

ನಡೆದುದರ ಕ್ರಮಕ್ಕೆ ಮರಳೋಣ. ಮರುದಿನ ಮಂಗಳವಾರ ಹುಡುಗನು ಶಾಲೆಗೆ ಬಂದನು. ಎಂಟರ ಸಂಖ್ಯೆ ಪೂರ್ಣವಾಯಿತು. ನಾವು ಎಲ್ಲರ ಎದುರಿಗೆ, ಅಂದು ಹೊಡೆದದ್ದು ತಪ್ಪೆಂದೂ ಮತ್ತೆಂದೂ ಆಗದೆಂದೂ ಹೇಳಿದೆವು. ಮಕ್ಕಳು ಮುಖ ಮುಖ ನೋಡಿಕೊಂಡರು. ಇಂಥ ಮಾತಿಗೆ ಏನು ಉತ್ತರ ಕೊಡಬೇಕೆಂಬುದನ್ನು ನಾವು ಅವರಿಗೆ ಕಲಿಸಿರಲಿಲ್ಲ. ಹುಡುಗನ ಬಳಿಗೆ ಹೋಗಿ, 'ಈಗ ಹೇಗಿದೆ, ಕೈ ತೋರಿಸು ತಮ್ಮಾ' ಎಂದೆವು. ಅವನು ತಟ್ಟನೆ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದನು. ಬೇಕೆಂದು ಮಾಡಿದ್ದಲ್ಲ, ಮರುಕ್ಷಣವೇ ನಾಚಿ ಮುಂದಕ್ಕೆ ಚಾಚಿದನು. ಆದರೆ ಮೊದಲು ಹೋದದ್ದು ಹಿಂದಕ್ಕೆ.

ಪಟ್ಟಿಯನ್ನು ನಾವು ಎಸೆಯಲಿಲ್ಲ. ಗೆರೆ ಎಳೆಯುವುದಕ್ಕೆ ಅದು ಬೇಕು. ಕಪಾಟಿನಲ್ಲಿದೆ.

ಈ ಆಟದಲ್ಲಿ ಚೀಲ ಹೊತ್ತವರು ಗೆದ್ದವರಾದ ಕಥೆಗಳನ್ನು ಹುಡುಗನಿಗಾಗಿ ಆರಿಸಿಡುವ ಚಟ ನಮಗೆ ಆಮೇಲೆ ಹತ್ತಿತು. ದಿಲ್ಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದದ್ದು, ನಮ್ಮ ಬಿಡದಿಯ ಕಡೆಯ ಬಡ ಮನೆತನದ ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾದದ್ದು, ಇವೆಲ್ಲ ಅವನಿಗೆ ಮೊದಲೇ ಗೊತ್ತಿದ್ದವು. ಕ್ಯಾಡಿಗಳ ನಡುವೆ ಇವು ಪುರಾಣಗಳಂತೆ ಹರಿದಾಡುತ್ತವೆ. ಗೊತ್ತಿಲ್ಲದಿದ್ದುದು ಪಾಪ್ವಾ ಸೆವ್ಗೋಲಮ್ ಎಂಬಾತನ ಕಥೆ. ದಕ್ಷಿಣ ಆಫ್ರಿಕೆಯ ಡರ್ಬನ್ನಿನಲ್ಲಿದ್ದ ಭಾರತೀಯ ಸಂತತಿಯ ಕ್ಯಾಡಿ ಈತ. ಯಾರೂ ಕಲಿಸದೆ ತಾನೇ ಕಲಿತದ್ದರಿಂದ ಕೈಗಳನ್ನು ತಿರುವುಮುರುವಾಗಿ, ಎಡಗೈಯನ್ನು ಕೆಳಗೂ ಬಲಗೈಯನ್ನು ಮೇಲೂ ಹಿಡಿಯುತ್ತಿದ್ದನು. ಪುಸ್ತಕಗಳ ಪ್ರಕಾರ ಅದು ತಪ್ಪು ಹಿಡಿತ. ಆ ತಪ್ಪು ಹಿಡಿತದಿಂದಲೇ 1959ರಲ್ಲಿಯೂ 1960ರಲ್ಲಿಯೂ ಡಚ್ ಓಪನ್ ಗೆದ್ದನು. 1963ರಲ್ಲಿ ತನ್ನ ಊರಿನಲ್ಲಿಯೇ ನೇಟಾಲ್ ಓಪನ್ ಗೆದ್ದಾಗ ವರ್ಣಭೇದದ ಕಾರಣ ಕ್ಲಬ್ಬಿನ ಕಟ್ಟಡದೊಳಗೆ ಆತನಿಗೆ ಪ್ರವೇಶವಿರಲಿಲ್ಲ. ಬಹುಮಾನವನ್ನು ಹೊರಗೆ ಮಳೆಯಲ್ಲಿ ನಿಂತು ಸ್ವೀಕರಿಸಬೇಕಾಯಿತು.

ಇದನ್ನು ನಾವು ತರಗತಿಯಲ್ಲಿ ಸ್ವಲ್ಪ ಆವೇಶದಿಂದಲೇ ಹೇಳಿದೆವು. ಹುಡುಗನು ಎಲ್ಲವನ್ನೂ ಕೇಳಿ, ಯೋಚಿಸಿ, ಕೇಳಿದ್ದು ಇಷ್ಟೇ: 'ಎಡಗೈ ಕೆಳಗಿದ್ದರೆ ತಾಗುವಾಗ ಮಣಿಕಟ್ಟು ಸಪಾಟಾಗಿಯೇ ಇರುತ್ತದಲ್ಲವೇ ಸರ್?' ನಾವು ಉತ್ತರಿಸಲಾರದೆ ಹೋದೆವು. ಒಂದು ಕಡ್ಡಿಯನ್ನು ಹಿಡಿದು ಅವನೇ ತೋರಿಸಿದನು. ಎಡಗೈ ಕೆಳಗಿದ್ದಾಗ ಅದರ ಮಣಿಕಟ್ಟು ಹಿಂದಕ್ಕೆ ಮುರಿಯಲು ಒಪ್ಪುವುದೇ ಇಲ್ಲ. ಮಳೆಯಲ್ಲಿ ನಿಂತವನ ಮೇಲೆ ನಮಗೆ ಮರುಕವಿತ್ತು. ಹುಡುಗನಿಗಿದ್ದದ್ದು ಆತನ ಕೈಗಳ ಮೇಲೆ ಗೌರವ. ಯಾವುದು ಮೇಲೆಂದು ವಾಚಕರೇ ತೀರ್ಮಾನಿಸಲಿ.

ಈಗ ಅವನು ಹತ್ತನೆಯ ಇಯತ್ತೆಯಲ್ಲಿದ್ದಾನೆ. ಬೋರ್ಡಿನ ಪರೀಕ್ಷೆ ಸಮೀಪಿಸಿದೆ. ತಂದೆಯೂ ನಾವೂ ಕುಳಿತು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಪರೀಕ್ಷೆ ಮುಗಿಯುವ ತನಕ ಸೋಮವಾರ ಬೆಳಗ್ಗೆ ಮಾತ್ರ ಕೋಲು, ಐವತ್ತು ಚೆಂಡುಗಳಿಗೆ ಮಿಗದಂತೆ. ಮುಂದೆ ಅವನು ಆಟಗಾರನಾಗುವನೋ, ತಂದೆಯಂತೆ ಚೀಲ ಹೊರುವನೋ, ಬೇರೆ ಉದ್ಯೋಗ ಹಿಡಿಯುವನೋ ನಾವರಿಯೆವು. ಅವನ ಅಕ್ಷರ ಸುಧಾರಿಸಿದೆ. ಲೇಖನಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದವನು ಈಗ ಸಡಿಲಾಗಿ ಹಿಡಿಯುತ್ತಾನೆ. ಅದನ್ನು ಕಲಿಸಿದವರು ನಾವಲ್ಲ.

ಕಳೆದ ಸೋಮವಾರ ನಾವೂ ಅವರ ಜೊತೆ ಹೋಗಿದ್ದೆವು. ಐವತ್ತು ಚೆಂಡುಗಳು ಮುಗಿದ ಮೇಲೆ ತಂದೆ ಮರಳು ತುಂಬಿದ ಡಬ್ಬಿಯನ್ನು ತಂದರು. ಕಿತ್ತು ಹೋದ ಜಾಗಗಳನ್ನು ಹಾಗೆಯೇ ಬಿಟ್ಟು ಹೋಗುವಂತಿಲ್ಲವಂತೆ. ಒಂದೊಂದರಲ್ಲಿಯೂ ಹಿಡಿ ಮರಳು ಸುರಿದು, ಪಾದದಿಂದ ಮೆಲ್ಲನೆ ಒತ್ತಿ ಸಮ ಮಾಡುತ್ತ ನಡೆದರು. ಎಷ್ಟು ದಿನಕ್ಕೆ ಹುಲ್ಲು ಕೂಡಿಕೊಳ್ಳುತ್ತದೆ ಎಂದು ಕೇಳಿದೆವು. 'ಮಳಿಗಾಲದಾಗ ಲಗೂನ ಆಗ್ತದ್ರಿ. ಈಗ ತಡಾ ಆಗ್ತದ' ಎಂದು ಹೇಳಿ, ಡಬ್ಬಿಯನ್ನು ನಮ್ಮ ಕೈಗೆ ಕೊಟ್ಟು, ಉಳಿದ ಸಾಲನ್ನು ತೋರಿಸಿದರು.